ಕ್ಯಾಸೆಟ್ ಊದಿ ಆಡಿದ ಆಟಗಳು

(ವಿದ್ಯಾರಣ್ಯಪುರಂನಲ್ಲಿ ಹಳೆಯ ಟಿವಿ ಗೇಮುಗಳ ಆಸಕ್ತರು ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ಒಂದು ಪದದಿಂದ ಶುರು ಮಾಡುತ್ತೇನೆ: ಕ್ಯಾಸೆಟ್. ಟಿವಿ ಗೇಮಿನ ಪೆಟ್ಟಿಗೆಯ ನೆತ್ತಿಗೆ ಸಿಕ್ಕಿಸುವ, ಅಂಗೈ ಅಗಲದ ಆ ಪ್ಲಾಸ್ಟಿಕ್ ವಸ್ತುವಿಗೆ ನಾವೆಲ್ಲ ಹೇಳುತ್ತಿದ್ದದ್ದು ಕ್ಯಾಸೆಟ್ ಎಂದೇ. ಅದರೊಳಗೆ ಹಾಡಿನ ಕ್ಯಾಸೆಟ್ಟಿನ ಹಾಗೆ ಟೇಪಿನ ಸುರುಳಿ ಇರುವುದಿಲ್ಲ. ಒಂದು ಸಣ್ಣ ಹಸಿರು ಹಲಗೆ, ಅದರ ಮೇಲೊಂದು ಕಪ್ಪು ಬೊಟ್ಟು, ಅಷ್ಟೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಕಾರ್ಟ್ರಿಜ್ ಎಂಬ ಹೆಸರಿದೆ. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ನಾಚಿಕೊಂಡು ಈ ಪದವನ್ನು ತಿದ್ದಿಕೊಂಡವರು ನಮ್ಮಲ್ಲಿ ಇರಬಹುದು. ನಾಚಬೇಕಾದ್ದೇನೂ ಇರಲಿಲ್ಲ. ಈ ಆಟಗಳನ್ನು ಮಾಡಿದ ಜಪಾನಿನಲ್ಲಿಯೂ ಮಕ್ಕಳು ಅದನ್ನು 'ಕಸೆಟ್ಟೊ' ಎಂದೇ ಕರೆಯುತ್ತಿದ್ದರು. ಕಾರ್ಟ್ರಿಜ್ ಎನ್ನುವುದು ಅಮೆರಿಕದವರ ಮಾತು.

ನಮ್ಮ ವಿಷಯದ ತಿರುಳು ಈ ಒಂದು ಪದದಲ್ಲಿದೆ. ಈ ಆಟಗಳು ನಮ್ಮ ಮನೆಗಳಿಗೆ ಬಂದಾಗ ಅವುಗಳ ಜೊತೆ ವಿವರಣೆಯ ಪುಸ್ತಕ ಬರಲಿಲ್ಲ, ಮಾಡಿದವರ ಹೆಸರು ಬರಲಿಲ್ಲ, ಎಷ್ಟೋ ಸಲ ಆಟದ ಹೆಸರೇ ನೆಟ್ಟಗೆ ಬರಲಿಲ್ಲ. ಪದಗಳನ್ನು ನಾವೇ ಹೊಂದಿಸಿಕೊಂಡೆವು. ಆಡುವ ಗುಟ್ಟುಗಳು ಬಾಯಿಂದ ಬಾಯಿಗೆ ದಾಟಿದವು. ಅಳಗುಳಿಮಣೆ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಹಾಗೆಯೇ, ಅಣಬೆ ತಿಂದು ದೊಡ್ಡವನಾಗುವ ಮಾರಿಯೋ ಪಕ್ಕದ ಮನೆಯ ಹುಡುಗನಿಂದ ನಮಗೆ ಬಂದ. ಅಳಗುಳಿಮಣೆಯ ಬಗ್ಗೆ ಕನ್ನಡದಲ್ಲಿ ಬರೆದಿಟ್ಟವರಿದ್ದಾರೆ. ಮಾರಿಯೋನನ್ನು ನಾವು ಹೇಗೆ ಆಡಿದೆವು ಎಂಬುದನ್ನು ಬರೆದಿಡುವ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಯಾರೂ ಗಟ್ಟಿಯಾಗಿ ಕೂತಂತಿಲ್ಲ.

ಎಲ್ಲ ವಿಡಿಯೋ ಗೇಮುಗಳ ಬಗ್ಗೆ ನಾನು ಮಾತಾಡುತ್ತಿಲ್ಲ. ಒಬ್ಬ ಪುಟ್ಟ ಆಸಾಮಿ ಎಡದಿಂದ ಬಲಕ್ಕೆ ಓಡುತ್ತಾನೆ, ಹಳ್ಳ ಹಾರುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಎದುರು ಬಂದವರ ತಲೆಯ ಮೇಲೆ ನೆಗೆದು ಮುಂದೆ ಹೋಗುತ್ತಾನೆ. ಈ ಜಾತಿಯ ಆಟಗಳ ಬಗ್ಗೆ ಮಾತ್ರ. ಇವುಗಳ ಇನ್ನೊಂದು ಲಕ್ಷಣವೆಂದರೆ ಆ ಆಸಾಮಿಯೇ ಕಂಪನಿಯ ಮುಖ. ಏರ್ ಇಂಡಿಯಾಕ್ಕೆ ಮಹಾರಾಜ, 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಅಪ್ಪು ಎಂಬ ಆನೆಮರಿ ಇದ್ದ ಹಾಗೆ ನಿಂಟೆಂಡೊಗೆ ಮಾರಿಯೋ, ಸೆಗಾ ಕಂಪನಿಗೆ ಸೋನಿಕ್. ಹಡ್ಸನ್ ಎಂಬ ಕಂಪನಿಯದಂತೂ ಇನ್ನೂ ಸ್ವಾರಸ್ಯ. ನಾವು 'ಐಲ್ಯಾಂಡ್' ಎಂದು ಕರೆಯುತ್ತಿದ್ದ, ಎಲೆಯುಡುಗೆಯವನು ಕೊಡಲಿ ಎಸೆಯುತ್ತ, ಹಣ್ಣು ತಿನ್ನುತ್ತ ಓಡುವ 1986ರ ಆಟದ ನಾಯಕ ಆ ಕಂಪನಿಯಲ್ಲೇ ನೌಕರಿಯಲ್ಲಿದ್ದ ತಕಾಹಾಶಿ ಎಂಬಾತನ ಚಿತ್ರ. ಸೆಕೆಂಡಿಗೆ 16 ಸಲ ಗುಂಡಿ ಒತ್ತಬಲ್ಲವನೆಂದು ಆತ ಜಪಾನಿನ ಮಕ್ಕಳ ನಡುವೆ ಹೆಸರಾಗಿದ್ದ.

ಮಾರಿಯೋ ಹುಟ್ಟಿದ್ದು 1981ರಲ್ಲಿ, 'ಡಾಂಕಿ ಕಾಂಗ್' ಎಂಬ ಅಂಗಡಿ ಯಂತ್ರದ ಆಟದಲ್ಲಿ. ಆಗ ಅವನಿಗೆ ಹೆಸರಿರಲಿಲ್ಲ. ನೆಗೆಯುವವನು ಎಂಬರ್ಥದ 'ಜಂಪ್‌ಮ್ಯಾನ್', ಕಸುಬಿನಲ್ಲಿ ಬಡಗಿ. ಚಿತ್ರಿಸಿದ ಶಿಗೆರು ಮಿಯಾಮೊಟೊ ಅವರ ಕೈಯಲ್ಲಿದ್ದದ್ದು ಬೆರಳೆಣಿಕೆಯ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬರೆಯಲಾಗದು, ಅದಕ್ಕೆ ಮೀಸೆ. ಕೂದಲು ಬರೆಯುವುದು ಕಷ್ಟ, ಅದಕ್ಕೆ ಟೋಪಿ. ಓಡುವಾಗ ಕೈ ಬೀಸುವುದು ಕಾಣಬೇಕು, ಅದಕ್ಕೆ ಅಂಗಿಗೂ ಮೇಲಿನ ಉಡುಪಿಗೂ ಬೇರೆ ಬೇರೆ ಬಣ್ಣ. ಅಮೆರಿಕದಲ್ಲಿ ಕಂಪನಿಗೆ ಗೋದಾಮು ಬಾಡಿಗೆಗೆ ಕೊಟ್ಟಿದ್ದ ಮಾರಿಯೋ ಸೆಗಾಲಿ ಎಂಬ ಮನೆಮಾಲೀಕರ ಹೆಸರು ಇವನಿಗೆ ಅಂಟಿತು. ಬಾಡಿಗೆ ವಸೂಲಿ ಮಾಡುವವರ ಹೆಸರು ಈ ಪರಿ ಅಮರವಾದದ್ದು ಬೇರೆಲ್ಲೂ ಇರಲಾರದು. 1983ರಲ್ಲಿ ನಿಂಟೆಂಡೊ ಮನೆಯ ಟಿವಿಗೆ ಜೋಡಿಸುವ 'ಫ್ಯಾಮಿಕಾಮ್' ಪೆಟ್ಟಿಗೆ ತಂದಿತು. 1985ರ ಸೆಪ್ಟೆಂಬರ್ 13ರಂದು 'ಸೂಪರ್ ಮಾರಿಯೋ ಬ್ರದರ್ಸ್' ಬಂತು. 8 ಲೋಕಗಳು, ಒಂದೊಂದರಲ್ಲಿ 4 ಹಂತ, ಒಟ್ಟು 32. ಇಷ್ಟೂ ಹಿಡಿಸಿದ್ದು 40 ಕಿಲೋಬೈಟಿನಲ್ಲಿ. ಇವತ್ತು ನಿಮ್ಮ ಸೋದರತ್ತೆ ಫೋನಿನಲ್ಲಿ ಕಳಿಸುವ ಶುಭೋದಯದ ಚಿತ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಜಾಗ ಉಳಿಸಲು ಅವರು ಮಾಡಿದ ಜಾಣತನ ನೋಡಬೇಕಾದರೆ ಮೋಡವನ್ನೂ ಪೊದೆಯನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ.

ಇದು ನಮ್ಮಲ್ಲಿಗೆ ಬಂದ ದಾರಿ ರಾಜಮಾರ್ಗವಲ್ಲ. ಆಮದಿನ ಮೇಲೆ ಬಿಗಿ ನಿರ್ಬಂಧಗಳಿದ್ದ ಕಾಲ. 1991ರ ನಂತರ ನೀತಿ ಸಡಿಲವಾದರೂ ಸುಂಕ ಭಾರಿಯಾಗಿಯೇ ಇತ್ತು. ಈ ನಡುವೆ ತೈವಾನಿನ ಕಾರ್ಖಾನೆಗಳು ಫ್ಯಾಮಿಕಾಮಿನ ಚಿಪ್ಪುಗಳನ್ನು ನಕಲು ಮಾಡಿ ಅಗ್ಗದ ಪೆಟ್ಟಿಗೆಗಳನ್ನು ಜಗತ್ತಿಗೆಲ್ಲ ಹಂಚಿದವು. ರಷ್ಯಾದಲ್ಲಿ ಅದರ ಹೆಸರು 'ಡೆಂಡಿ'. ನಮ್ಮಲ್ಲಿ 'ಲಿಟಲ್ ಮಾಸ್ಟರ್', 'ಮೀಡಿಯಾ', 'ಟರ್ಮಿನೇಟರ್' ಎಂಬ ಹೆಸರುಗಳು ನಿಮಗೆ ನೆನಪಿರಬೇಕು. ಚೆನ್ನೈನ ಬರ್ಮಾ ಬಜಾರು, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟು, ಇಂಥ ಕಡೆಗಳಿಂದ ಅವು ಊರೂರಿಗೆ ಹರಿದವು. ಸೆಗಾ ಕಂಪನಿ ಮಾತ್ರ 1990ರ ದಶಕದ ನಡುವಿನಲ್ಲಿ ಶಾ ವಾಲೇಸ್ ಮೂಲಕ ಅಧಿಕೃತವಾಗಿ ಬಂತು. ಆದರೆ ಅದರ ಬೆಲೆ ಕೇಳಿ ವಾಪಸ್ಸು ಬಂದವರೇ ಹೆಚ್ಚು. ಹೀಗಾಗಿ ಸೋನಿಕ್ ನಮ್ಮ ಬೀದಿಗಳಲ್ಲಿ ಕೇಳಿ ತಿಳಿದ ದೇವರು, ಮಾರಿಯೋ ಮನೆದೇವರು.

ಸೋನಿಕ್ ಹೆಸರು ಬಂದದ್ದರಿಂದ ಒಂದು ಅಡ್ಡಮಾತು. ಅವನನ್ನು ನಾವು ಮುಳ್ಳುಹಂದಿ ಎನ್ನುತ್ತೇವೆ. ಆದರೆ ಅವನು ಮುಳ್ಳುಹಂದಿಯಲ್ಲ, ಅದಕ್ಕಿಂತ ತುಂಬ ಚಿಕ್ಕದಾದ, ಉಂಡೆಯಾಗಿ ಸುತ್ತಿಕೊಳ್ಳುವ ಬೇರೆಯೇ ಪ್ರಾಣಿ. ತಮಿಳಿನಲ್ಲಿ ಅದಕ್ಕೆ ಮುಳ್ಳೆಲಿ ಎನ್ನುತ್ತಾರೆ, ಅಂದರೆ ಮುಳ್ಳಿನ ಇಲಿ. ಜಪಾನೀ ಭಾಷೆಯಲ್ಲಿ ಅದರ ಹೆಸರು ಹರಿನೆಜುಮಿ. ಸೂಜಿಯ ಇಲಿ ಎಂದೇ ಅರ್ಥ. ನಾವೂ ಮುಳ್ಳಿಲಿ ಎಂದರೆ ಕೇಳಲು ಚೆನ್ನ, ಅರ್ಥಕ್ಕೂ ಹತ್ತಿರ.

ನಕಲಿ ಕ್ಯಾಸೆಟ್ಟುಗಳ ಒಂದು ಗುಣವನ್ನು ಗಮನಿಸಿ. ಮೊದಲ ಪರದೆಯ ಮೇಲಿದ್ದ ಕಂಪನಿಯ ಹೆಸರು, ಇಸವಿ ಎರಡನ್ನೂ ಎಷ್ಟೋ ಪ್ರತಿಗಳಲ್ಲಿ ಅಳಿಸಿಹಾಕಿರುತ್ತಿದ್ದರು. ಮೂಲ ಮಾರಿಯೋದಲ್ಲೇ ಮಾಡಿದವರ ಹೆಸರಿನ ಪಟ್ಟಿ ಇರಲಿಲ್ಲ. ಆಟ ಮುಗಿಸಿದರೂ ಮಿಯಾಮೊಟೊ, ತಕಾಶಿ ತೆಜುಕಾ, ಸಂಗೀತ ಕೂಡಿಸಿದ ಕೋಜಿ ಕೊಂಡೊ ಯಾರ ಹೆಸರೂ ಕಾಣುವುದಿಲ್ಲ. ಅಲ್ಲಿಗೆ ಕಂಪನಿಯ ಹೆಸರೂ ಹೋಯಿತು. ನಮ್ಮ ಪಾಲಿಗೆ ಅದು ಯಾರು ಕಟ್ಟಿದರೆಂದು ಗೊತ್ತಿಲ್ಲದ ಜನಪದ ಹಾಡಿನ ಹಾಗಾಯಿತು. ಒಂದೇ ಕ್ಯಾಸೆಟ್ಟಿನ ಮೇಲೆ 'ಲಕ್ಷಾಂತರ ಆಟ' ಎಂದು ಬರೆದಿರುತ್ತಿತ್ತು. ಬಿಚ್ಚಿ ನೋಡಿದರೆ ಹತ್ತಿಪ್ಪತ್ತು ಆಟ. ಉಳಿದವೆಲ್ಲ ಅದೇ ಆಟ ಮೂರನೇ ಹಂತದಿಂದ ಶುರುವಾಗುವುದು, ಐದನೇ ಹಂತದಿಂದ ಶುರುವಾಗುವುದು, ಹೀಗೆ. ಮೋಸ ನಿಜ. ಆದರೆ ಆ ಮೋಸದಿಂದಲೇ ಕೈ ಸಾಗದ ಹುಡುಗರಿಗೂ ಕೊನೆಯ ಹಂತಗಳ ದರ್ಶನ ಸಿಕ್ಕಿತು ಎಂಬುದನ್ನೂ ಹೇಳಬೇಕು.

ಪುಸ್ತಕವಿಲ್ಲ, ಇಂಗ್ಲಿಷ್ ಬರುವುದಿಲ್ಲ, ಹಾಗಿದ್ದರೆ ಆಡಲು ಕಲಿತದ್ದು ಹೇಗೆ? ಇಲ್ಲಿ ಮಾರಿಯೋದ ಮೊದಲ ಹಂತದ ಮೊದಲ ಅರ್ಧ ನಿಮಿಷವನ್ನು ನೋಡಬೇಕು. ನನ್ನ ಮಟ್ಟಿಗೆ ಅದು ಒಳ್ಳೆಯ ಮೇಷ್ಟರೊಬ್ಬರ ಪಾಠ. ಪರದೆಯ ಎಡಕ್ಕೆ ನಿಂತಿದ್ದೀರಿ, ಬಲಕ್ಕೆ ಬಯಲು. ಹೋಗಬೇಕಾದ್ದು ಅತ್ತ ಎಂಬುದು ಹೇಳದೆ ತಿಳಿಯುತ್ತದೆ. ಪ್ರಶ್ನೆಯ ಗುರುತಿನ ಇಟ್ಟಿಗೆಯೊಂದು ಮಿನುಗುತ್ತದೆ. ಎದುರಿನಿಂದ ಕಂದು ಬಣ್ಣದ, ಮುಖ ಸಿಂಡರಿಸಿಕೊಂಡ ಒಂದು ಜಂತು ಬರುತ್ತದೆ. ಮುಟ್ಟಿದರೆ ಸಾಯುತ್ತೀರಿ, ಸತ್ತರೆ ನಷ್ಟವಿಲ್ಲ, ಈಗಷ್ಟೇ ಶುರುವಾದದ್ದು. ಮತ್ತೆ ಬಂದು ಹಾರುತ್ತೀರಿ, ತಲೆಗೆ ಇಟ್ಟಿಗೆ ತಗಲಿ ಕಾಸು ಉದುರುತ್ತದೆ. ಮುಂದಿನ ಇಟ್ಟಿಗೆಯಿಂದ ಅಣಬೆ ಹೊರಡುತ್ತದೆ. ಜಂತುವಿಗೆ ಹೆದರಿದವನು ಅಣಬೆಗೂ ಹೆದರಿ ಓಡಬಹುದಲ್ಲವೇ? ಅದಕ್ಕೇ ಅಣಬೆ ಮೊದಲು ಬಲಕ್ಕೆ ಹೋಗಿ, ಕೊಳವೆಗೆ ಬಡಿದು, ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಮೇಲೆ ಇಟ್ಟಿಗೆಗಳ ಸಾಲು ಇರುವುದರಿಂದ ಹಾರಿ ತಪ್ಪಿಸಿಕೊಳ್ಳುವುದೂ ಸುಲಭವಲ್ಲ. ತಗಲುತ್ತದೆ, ದೊಡ್ಡವನಾಗುತ್ತೀರಿ. ಒಂದಕ್ಷರ ಓದದೆ ನಾಲ್ಕು ಪಾಠವಾಯಿತು. ಇದನ್ನು ಹೀಗೆಯೇ ಬೇಕೆಂದು ಕೂಡಿಸಿದ್ದೆಂದು ಮಿಯಾಮೊಟೊ ಅವರೇ ವಿವರಿಸಿದ್ದಾರೆ. ಕನ್ನಡ ಮಾಧ್ಯಮದ ಮೂರನೇ ಕ್ಲಾಸಿನ ಹುಡುಗನಿಗೂ ಕ್ಯೋಟೊ ನಗರದ ಹುಡುಗನಿಗೂ ಈ ಆಟ ಒಂದೇ ಸಮನಾಗಿ ದಕ್ಕಿದ್ದಕ್ಕೆ ಕಾರಣ ಇದು.

ಮೊದಲ ಪಾಠ ಆಟವೇ ಹೇಳಿತು. ಮುಂದಿನದನ್ನು ಹೇಳಿದ್ದು ಜಗಲಿ. ಒಂದು ಪೆಟ್ಟಿಗೆ, ಎರಡು ರಿಮೋಟು, ಏಳೆಂಟು ಮಕ್ಕಳು. ಆಡುವವನು ಒಬ್ಬ, ಆಡಿಸುವವರು ಆರು ಜನ. 'ಲೋ, ಆ ಪೈಪೊಳಗೆ ಕೂರು ಕಣೋ, ಕೆಳಗೆ ಕಾಸಿದೆ', 'ಆಮೆ ವಾಪಸ್ ಬರುತ್ತೆ, ಹಾರು, ಹಾರು', 'ನಿನ್ನ ಲೈಫ್ ಹೋಯ್ತು, ಕೊಡೋ ಇಲ್ಲಿ'. ಒಳಗಿನಿಂದ ಅಮ್ಮನ ದನಿ: 'ಪಿಕ್ಚರ್ ಟ್ಯೂಬ್ ಹೋದ್ರೆ ನಿಮ್ಮಪ್ಪ ಬಿಡಲ್ಲ'. ಈ ಗದ್ದಲವೇ ನಮ್ಮ ವಿವರಣೆಯ ಪುಸ್ತಕ. ಎರಡನೇ ಹಂತದಲ್ಲಿ ಸೂರಿನ ಮೇಲೆ ಹತ್ತಿ ಓಡಿದರೆ ನೇರ ನಾಲ್ಕನೇ ಲೋಕಕ್ಕೆ ಹೋಗುವ ಕೊಳವೆ ಸಿಗುತ್ತದೆ ಎಂಬುದನ್ನು ನಾವು ಯಾರೂ ಓದಿ ತಿಳಿದವರಲ್ಲ. ನಂಜುಮಳಿಗೆಯಲ್ಲಿ ಯಾರೋ ಕಂಡದ್ದು ಜೆ.ಪಿ. ನಗರಕ್ಕೆ ಬಂದು, ಅಲ್ಲಿಂದ ಶಾಲೆಯ ಬೆಂಚಿಗೆ ಬಂದು, ನಮ್ಮ ಬೀದಿಗೆ ತಲುಪುತ್ತಿತ್ತು.

ಹೀಗೆ ಬಂದ ಮಾತುಗಳಲ್ಲಿ ಸುಳ್ಳೂ ಇತ್ತು, ನಿಜವೂ ಇತ್ತು. ಅದನ್ನು ಈಗ ಜರಡಿ ಹಿಡಿದು ನೋಡುವುದೇ ಒಂದು ಸುಖ. ಮೂರನೇ ಲೋಕದ ಮೊದಲ ಹಂತದ ಕೊನೆಯಲ್ಲಿ ಮೆಟ್ಟಿಲಿಳಿಯುವ ಆಮೆಯ ಮೇಲೆ ಸರಿಯಾಗಿ ಕುಣಿದರೆ ಜೀವ ಸಿಗುತ್ತಲೇ ಇರುತ್ತದೆ. ಆದರೆ ಆಸೆಬುರುಕನಾದರೆ ಯಂತ್ರ ಎಲ್ಲವನ್ನೂ ಕಿತ್ತುಕೊಳ್ಳುತ್ತದೆ ಎಂಬ ಮಾತಿತ್ತು. ದೊಡ್ಡವರ ನೀತಿಕಥೆಯ ಹಾಗೆ ಕೇಳಿಸುತ್ತದೆ. ಆದರೆ ಅಕ್ಷರಶಃ ನಿಜ. ಜೀವಗಳ ಲೆಕ್ಕವನ್ನು ಯಂತ್ರ ಒಂದೇ ಬೈಟಿನಲ್ಲಿ ಇಟ್ಟುಕೊಳ್ಳುತ್ತದೆ. ಆ ಲೆಕ್ಕ 127 ದಾಟಿದರೆ ಅದನ್ನು ಸೊನ್ನೆಗಿಂತ ಕಡಿಮೆಯ ಸಂಖ್ಯೆ ಎಂದು ಓದುತ್ತದೆ. ಮುಂದಿನ ಸಲ ಸತ್ತ ಕೂಡಲೇ ಜೀವವೇ ಉಳಿದಿಲ್ಲವೆಂದು ತೀರ್ಮಾನಿಸಿ ಆಟ ಮುಗಿಸಿಬಿಡುತ್ತದೆ. ಗೋಡೆಯೊಳಗೆ ತೂರಿಕೊಂಡು ಕೊಳವೆಗೆ ಇಳಿದರೆ 'ಮೈನಸ್ ಒಂದು' ಎಂಬ ಲೋಕ ಸಿಗುತ್ತದೆ, ಅಲ್ಲಿ ನೀರು ಮುಗಿಯುವುದೇ ಇಲ್ಲ ಎಂಬುದೂ ನಿಜ. ಅದು ನಿಜವಾಗಿ 36ನೇ ಲೋಕ. ಯಂತ್ರದ ಅಕ್ಷರಪಟ್ಟಿಯಲ್ಲಿ 36ನೆಯದು ಖಾಲಿ ಜಾಗ. ಹೀಗಾಗಿ ಲೋಕದ ಅಂಕಿ ಇರಬೇಕಾದಲ್ಲಿ ಏನೂ ಮೂಡದೆ, ನಡುವಿನ ಗೀಟು ಮತ್ತು ಒಂದು ಮಾತ್ರ ಉಳಿದು ಮೈನಸ್ ಒಂದರಂತೆ ಕಾಣುತ್ತದೆ.

ಇನ್ನು ಕ್ಯಾಸೆಟ್ ಊದುವ ವಿದ್ಯೆ. ಪ್ರಪಂಚದ ಯಾವ ಮೂಲೆಯ ಮಕ್ಕಳನ್ನು ಕೇಳಿದರೂ ಊದಿದ್ದಾರೆ. ಊದಿದ್ದರಿಂದ ಆಟ ಶುರುವಾಗುತ್ತಿರಲಿಲ್ಲ. ತೆಗೆದು ಮತ್ತೆ ಹಾಕಿದಾಗ ಲೋಹದ ಹಲ್ಲುಗಳು ಸರಿಯಾಗಿ ಕೂತು ಶುರುವಾಗುತ್ತಿತ್ತು. ಉಸಿರಿನ ತೇವ ಆ ಹಲ್ಲುಗಳಿಗೆ ಕಿಲುಬು ಹಿಡಿಸುತ್ತದೆ. ಊದಬೇಡಿ ಎಂದು ಕಂಪನಿಯೇ ಹೇಳಿತ್ತು. ನಮಗೆ ಹೇಳುವವರು ಯಾರಿದ್ದರು?

ಒಂದು ವಿಷಯ ಮಾತ್ರ ಕೂತು ಚರ್ಚಿಸಬೇಕಾದ್ದು. ಜಪಾನ್, ಅಮೆರಿಕಗಳ ಟಿವಿಯಲ್ಲಿ ಚಿತ್ರ ಸೆಕೆಂಡಿಗೆ 60 ಸಲ ಮೂಡುತ್ತದೆ. ನಮ್ಮ ಹಳೆಯ ಟಿವಿಗಳಲ್ಲಿ 50 ಸಲ. ಮಾರಿಯೋದ ಓಟ, ನೆಗೆತ, ಹಾಡು, ಗಡಿಯಾರ ಎಲ್ಲವೂ ಆ ಚಿತ್ರಗಳ ಲೆಕ್ಕಕ್ಕೇ ಕಟ್ಟಿಹಾಕಿದವು. ಜಪಾನಿಗೆಂದು ಬರೆದ ಆಟವನ್ನು ನಮ್ಮ ಟಿವಿಗೆ ಹೊಂದಿಸಿದ ತದ್ರೂಪು ಪೆಟ್ಟಿಗೆಯಲ್ಲಿ ಹಾಕಿದರೆ ಎಲ್ಲವೂ ಆರರಲ್ಲಿ ಒಂದು ಪಾಲು ನಿಧಾನ. ಮೊದಲ ಹಂತಕ್ಕೆ ಕೊಡುವ 400 ಎಣಿಕೆಯಲ್ಲಿ ಒಂದೊಂದಕ್ಕೂ 24 ಚಿತ್ರ. ಅಲ್ಲಿ ಅದು 160 ಸೆಕೆಂಡು, ಇಲ್ಲಿ 192. ಕೋಜಿ ಕೊಂಡೊ ಅವರ ರಾಗವನ್ನೂ ನಾವು ಅವರು ಇಟ್ಟ ಕಾಲಕ್ಕಿಂತ ವಿಳಂಬದಲ್ಲೇ ಕೇಳಿ ಬೆಳೆದೆವು. ಇವತ್ತು ಅದೇ ಆಟವನ್ನು ಕಂಪನಿಯಿಂದಲೇ ದುಡ್ಡು ಕೊಟ್ಟು ತಂದು ಆಡಿದಾಗ ಕಾಲಡಿಯ ನೆಲ ಜಾರಿದಂತೆ ಅನ್ನಿಸುವುದು ಇದಕ್ಕೇ. ಅದು ಮೂಲ ಆಟವೇ ಹೌದು, ಆದರೆ ನಾವು ಆಡಿದ್ದಲ್ಲ. ನಮ್ಮ ಆಟ ಆ ಅಗ್ಗದ ಪೆಟ್ಟಿಗೆ, ಆ ದಪ್ಪ ಟಿವಿ ಎರಡೂ ಇದ್ದರೆ ಮಾತ್ರ ಇದೆ.

ಇಂಥದ್ದನ್ನೆಲ್ಲ ಉಳಿಸಬೇಕೇ, ಆಟ ತಾನೇ ಎನ್ನುವವರಿಗೆ ಮೈಸೂರಿನಲ್ಲಿ ನಿಂತು ಉತ್ತರ ಹೇಳುವುದು ಸುಲಭ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1831ರಲ್ಲಿ ಆಡಳಿತ ಕೈತಪ್ಪಿತು. ಆಮೇಲಿನ ದಶಕಗಳಲ್ಲಿ ಅವರು ಮನಸ್ಸಿಟ್ಟ ಕೆಲಸಗಳಲ್ಲಿ ಆಟವೂ ಒಂದು. ಮಣೆಯಾಟಗಳನ್ನು ಹೊಸೆದರು, ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ಇಳಿಯುವಂತೆ ನಡೆಸುವ ಸಮಸ್ಯೆಗಳನ್ನು ಬಿಡಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಆಟಕ್ಕೆ ಜಾಗವಿದೆ. ದೇವರ ಮೂರ್ತಿಲಕ್ಷಣಗಳನ್ನು ಹೇಳುವ ಗ್ರಂಥದಲ್ಲೇ ಇಸ್ಪೀಟಿನ ಎಲೆಗೂ ಸ್ಥಾನ! ಅವರು ಬರೆಸಿಟ್ಟದ್ದರಿಂದಲೇ ಇವತ್ತಿಗೂ ನಮ್ಮೂರಿನಲ್ಲಿ ಗಂಜೀಫಾ ಬರೆಯುವವರಿದ್ದಾರೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಮಣೆಯಾಟಗಳ ಪ್ರದರ್ಶನ ನಡೆಸಿದಾಗ ಜನ ಮುಗಿಬಿದ್ದು ನೋಡಿದ್ದೂ ಇದೇ ಊರಿನಲ್ಲಿ.

ಇಲ್ಲಿ ನಿಂಟೆಂಡೊದ ಹಿಂದಿನ ಕಥೆಯನ್ನು ಹೇಳದಿದ್ದರೆ ತಪ್ಪಾದೀತು. 1889ರಲ್ಲಿ ಕ್ಯೋಟೊದಲ್ಲಿ ಫುಸಾಜಿರೊ ಯಮೌಚಿ ಎಂಬವರು ಆ ಕಂಪನಿ ಶುರು ಮಾಡಿದ್ದು ಎಲೆಯಾಟದ ಎಲೆ ತಯಾರಿಸಲು. ಹೂವಿನ ಚಿತ್ರಗಳಿರುವ ಆ ಎಲೆಗಳಿಗೆ ಹನಾಫುಡಾ ಎಂದು ಹೆಸರು. ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದು ನಮ್ಮದಾಯಿತು. ಹನಾಫುಡಾದ ಮೂಲ ಪೋರ್ಚುಗೀಸರು ತಂದ ಎಲೆಗಳಲ್ಲಿದೆ. ಆಟಕ್ಕೆ ಊರೂರು ತಿರುಗುವುದು, ಹೋದ ಊರಿನ ಬಣ್ಣ ಬಳಿದುಕೊಳ್ಳುವುದು ಹೊಸದಲ್ಲ. ಮಾರಿಯೋ ಮಾನಂದವಾಡಿ ರಸ್ತೆಯ ಮನೆಗಳಿಗೆ ಬಂದದ್ದೂ ಈ ತಿರುಗಾಟದ ಒಂದು ಮಜಲು.

ಅಳಿವು ಬೇಗ ಬರುತ್ತಿದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಕಂಪನಿಯ ದಾಖಲೆ, ಗ್ರಂಥಾಲಯ, ಹಣ ಎಲ್ಲ ಇರುವ ದೇಶದ ಪಾಡು ಅದು. ನಮ್ಮದು ನಕಲಿ ಸರಕು. ಅದಕ್ಕೆ ವಾರಸುದಾರರಿಲ್ಲ, ಯಾವ ಕಂಪನಿಯೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ, ಕಾನೂನಿನ ಕಣ್ಣಿಗೆ ಅದು ಅಪರಾಧದ ವಸ್ತು. ನಕಲು ಮಾಡಿ ಮಾರಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ತಲೆಮಾರಿನ ಮಕ್ಕಳು ಆಡಿದ್ದು ಅದನ್ನೇ ಎಂಬ ಸಂಗತಿಯನ್ನು ಕಾನೂನು ಅಳಿಸಲಾರದು. ಈ ಬಡಾವಣೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಸೂರಿನ ಕಸ ದಶಕಗಟ್ಟಲೆ ಬಂದು ಗುಡ್ಡೆ ಬಿದ್ದದ್ದು ನಮ್ಮ ಸೂಯೇಜ್ ಫಾರಂನಲ್ಲಿ. ಚಾಮುಂಡಿ ಬೆಟ್ಟದ ಎದುರು ಎದ್ದ ಆ ಇನ್ನೊಂದು ಬೆಟ್ಟದೊಳಗೆ ಎಷ್ಟು ಲಿಟಲ್ ಮಾಸ್ಟರುಗಳು ಮಲಗಿವೆಯೋ!

ಆದ್ದರಿಂದ ಕೆಲವು ಕೆಲಸದ ಮಾತು. ಅಟ್ಟದ ಮೇಲೆ ಕ್ಯಾಸೆಟ್ ಇದ್ದವರು ಊದದೆ, ಹತ್ತಿಯ ಕಡ್ಡಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಲೋಹದ ಹಲ್ಲುಗಳನ್ನು ಒರೆಸಿ, ಒಣಗಿಸಿ, ತೇವವಿಲ್ಲದ ಕಡೆ ಇಡಿ. ಮೇಲಿನ ಚೀಟಿ ಕೀಳಬೇಡಿ. ಸುಳ್ಳೇ ಬರೆದಿದ್ದರೂ ಅದು ದಾಖಲೆ. ಹೊಸ ಟಿವಿಗೆ ಜೋಡಿಸಿ ಆಡಿದಾಗ ನೆಗೆತ ತಪ್ಪಿದರೆ ವಯಸ್ಸಾಯಿತೆಂದು ಕೊರಗಬೇಡಿ. ಚಪ್ಪಟೆ ಟಿವಿ ಚಿತ್ರವನ್ನು ತಿದ್ದಿ ತೋರಿಸುವಷ್ಟರಲ್ಲಿ ಕ್ಷಣಾಂಶ ತಡವಾಗುತ್ತದೆ, ಅಷ್ಟರಲ್ಲಿ ಹಳ್ಳ ಬಂದಿರುತ್ತದೆ.

ಎಲ್ಲಕ್ಕಿಂತ ಅವಸರದ್ದು ಮಾತು. ನಿಮ್ಮ ಬೀದಿಯಲ್ಲಿ ಆ ಕಂದು ಜಂತುವನ್ನು ಏನೆಂದು ಕರೆಯುತ್ತಿದ್ದಿರಿ? ಹೂವು ಸಿಕ್ಕಿ ಬೆಂಕಿ ಉಗುಳುವವನಾದಾಗ ಏನೆನ್ನುತ್ತಿದ್ದಿರಿ? ಸರದಿಯ ನಿಯಮವೇನಿತ್ತು: ಸಾಯುವ ತನಕವೋ, ಹಂತ ಮುಗಿಯುವ ತನಕವೋ, ಪೆಟ್ಟಿಗೆಯ ಒಡೆಯನಿಗೆ ಒಂದು ಜೀವ ಹೆಚ್ಚಿಗೆ ಇತ್ತೋ? ಹುಡುಗಿಯರಿಗೆ ರಿಮೋಟು ಎಷ್ಟು ಸಲ ಸಿಗುತ್ತಿತ್ತು? ಕರೆಂಟು ಹೋದಾಗ ಸರದಿ ಯಾರದ್ದೆಂದು ಹೇಗೆ ತೀರ್ಮಾನಿಸುತ್ತಿದ್ದಿರಿ? ಇದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಿರಿ, ಬೀದಿಯ ಹೆಸರು, ಇಸವಿ ಹಾಕಿ. ಇಬ್ಬರ ನೆನಪು ಹೊಂದದಿದ್ದರೆ ಎರಡನ್ನೂ ಬರೆಯಿರಿ.

ಮತ್ತೆ, ಯಾರ ಮನೆಯಲ್ಲಾದರೂ ದಪ್ಪ ಟಿವಿ ಇನ್ನೂ ಉಳಿದಿದ್ದು, ಈ ದಸರಾಕ್ಕೆ ಮನೆ ಚೊಕ್ಕಟ ಮಾಡುವಾಗ ಗುಜರಿಯವನಿಗೆ ಕೊಡುವ ಮನಸ್ಸಾದರೆ, ಕೊಡುವ ಮೊದಲು ನಮಗೊಂದು ಮಾತು ಹೇಳಿಕಳಿಸಿ. ಹೊತ್ತು ತರಲು ನಾಲ್ಕು ಜನ ಬರುತ್ತೇವೆ.